ಒಣ ಬಂಡೆಗೆ ಸುರಿದ ನೀರು

ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಗಂಟೆಯನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ನನ್ನ ಫೋನಿನ ವಿಡಿಯೊದಲ್ಲಿ ಅದು ದಾಖಲಾಗಿದೆ. ಆ ಹೊತ್ತಿಗೆ ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಗುಡ್ಡದಲ್ಲಿ, ಬಸರಿ ಮರದ ನೆರಳಿನ ಇಳಿಜಾರು ಬಂಡೆಯ ಮೇಲೆ, ಬಾಟಲಿಯಲ್ಲಿ ಉಳಿದಿದ್ದ ಕುಡಿಯುವ ನೀರನ್ನೆಲ್ಲ ಸುರಿದೆ. ನಾಲ್ಕು ನಿಮಿಷ ಕಳೆದು ಗಿರಿಜಾ ಮೇಡಂ ಅದೇ ಬಂಡೆಯಿಂದ ಜಾರಿ ಎರಡು ಗುಂಡುಕಲ್ಲುಗಳ ನಡುವಿನ ಸಂದಿಗೆ ಬಿದ್ದರು. ಕೇಳಿದವರಿಗೆಲ್ಲ ನಾನು ಹತ್ತು ನಲವತ್ತಾರು ಎಂದೇ ಹೇಳುತ್ತ ಬಂದೆ. ಕೆಟ್ಟದ್ದು ಶುರುವಾದದ್ದು ನಲವತ್ತೆರಡಕ್ಕೆ ಎಂಬುದು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಇನ್ನೊಬ್ಬರಿಗೂ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು.

ಹೊರಟಿದ್ದು ಪಾಚಿ ನೋಡಲು. ಹೀಗೆಂದರೆ ಈಗಲೂ ಜನ ನಗುತ್ತಾರೆ.

ಸಂಕ್ರಾಂತಿ ಮುಗಿದು ಎರಡು ವಾರವಾಗಿತ್ತು. ಭಾನುವಾರ ಮಧ್ಯಾಹ್ನ ತುಮಕೂರಿನಲ್ಲಿ ರೈಲು ಹತ್ತಿ ಚಿಕ್ಕಜಾಜೂರಿನಲ್ಲಿ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ಮೇಡಂ ಮತ್ತು ಅವರ ಯಜಮಾನರು ರುದ್ರಪ್ಪನವರು ಚಿತ್ರದುರ್ಗದಿಂದ ಕಾರಿನಲ್ಲಿ ಬಂದು ಪ್ಲಾಟ್‌ಫಾರಂ ತುದಿಯಲ್ಲಿ ಕಾಯುತ್ತಿದ್ದರು. ಮೇಡಂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಹದಿನೈದು ವರ್ಷದ ಹಿಂದೆ ನಾನು ಅವರ ವಿದ್ಯಾರ್ಥಿನಿ. ಈಗ ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕಿ. ರುದ್ರಪ್ಪನವರದು ಕಿರಾಣಿ ಅಂಗಡಿ.

“ಬಾರಮ್ಮ ನಳಿನಾ,” ಎಂದರು ರುದ್ರಪ್ಪನವರು ನನ್ನ ಚೀಲ ಇಸಿದುಕೊಳ್ಳುತ್ತ. “ಜನ ಹೂವು ನೋಡಾಕೆ ಹೋಗ್ತಾರೆ, ಹಕ್ಕಿ ನೋಡಾಕೆ ಹೋಗ್ತಾರೆ. ನಿಮ್ಮ ಮೇಡಂಗೆ ಬಚ್ಚಲ ಪಾಚಿನೇ ಆಗ್ಬೇಕು.”

“ಬಚ್ಚಲ ಪಾಚಿ ಬೇರೆ, ಇದು ಬೇರೆ ಅಂತ ಎಷ್ಟು ಸಲ ಹೇಳೋದ್ರಿ ನಿಮಗೆ,” ಎಂದರು ಮೇಡಂ.

“ನಮ್ಮನೆ ಬಚ್ಚಲು ತೊಳಿಯೋನು ನಾನು. ನಂಗೊತ್ತಿಲ್ವ ಪಾಚಿ ಅಂದ್ರೆ ಏನಂತ?”

ಹಾಗೆ ಆಡಿಕೊಂಡರೂ ಮಾದರಿ ಹಾಕಿಕೊಳ್ಳಲು ನಲವತ್ತು ಪೊಟ್ಟಣಗಳನ್ನು ಮಡಿಸಿಕೊಟ್ಟವರು ಅವರೇ. ಹಳೆಯ ಪತ್ರಿಕೆಯಲ್ಲಿ ಜೀರಿಗೆ, ಸಾಸಿವೆ ಕಟ್ಟುವ ಮಡಿಕೆ. ದಾರ ಬೇಡ, ಅಂಟು ಬೇಡ, ಅಲುಗಾಡಿಸಿದರೂ ಒಂದು ಕಾಳು ಹೊರಗೆ ಬೀಳುವುದಿಲ್ಲ. ಪಾಚಿ ಉಸಿರಾಡುತ್ತ ಒಣಗಲು ಇದಕ್ಕಿಂತ ಒಳ್ಳೆಯದಿಲ್ಲ ಎಂದು ಮೇಡಂ ಪ್ಲಾಸ್ಟಿಕ್ಕನ್ನು ಮುಟ್ಟುವುದೇ ಇಲ್ಲ. ಹೊಳಲ್ಕೆರೆಯಲ್ಲಿ ರುದ್ರಪ್ಪನವರ ತಂಗಿಯ ಮನೆಯಲ್ಲಿ ರಾತ್ರಿ ಉಳಿದೆವು. ಊಟಕ್ಕೆ ಜೋಳದ ರೊಟ್ಟಿ, ಅವರೆಕಾಳು ಪಲ್ಯ, ಗಟ್ಟಿ ಮೊಸರು. ಹೊರಗೆ ಚಳಿ. ಹತ್ತು ದಿನದ ಮಟ್ಟಿಗೆ ಅದೇ ಕೊನೆಯ ನಿದ್ದೆ ಎಂದು ಗೊತ್ತಿದ್ದರೆ ಇನ್ನೊಂದು ಗಂಟೆ ಮಲಗುತ್ತಿದ್ದೆ.

ನಮ್ಮ ಪಾಚಿಯ ಹೆಸರು ಹಯೋಫಿಲಾ. ನೀವೂ ನೋಡಿರುತ್ತೀರಿ. ಕಾಡಿನ ನೆರಳಿನ ಬಂಡೆ, ಹಳೆಯ ಗಾರೆ ಗೋಡೆ, ಕೆರೆಯ ತೂಬು, ಮರದ ಬೇರು ಕಲ್ಲನ್ನು ತಬ್ಬಿದ ಜಾಗ, ಇಂಥ ಕಡೆ ಅಂಗುಲದ ಕಾಲುಭಾಗವೂ ಎತ್ತರವಿಲ್ಲದೆ ದಟ್ಟವಾಗಿ ಹಬ್ಬಿರುತ್ತದೆ. ಬೇರಿಲ್ಲ, ಇರುವುದು ಕಲ್ಲನ್ನು ಹಿಡಿದುಕೊಳ್ಳುವ ಕೂದಲಿನಂಥ ಎಳೆ ಮಾತ್ರ. ನೀರು ಕುಡಿಯುವುದು ಎಲೆಯಿಂದಲೇ. ನಡುವಿನ ನರವೊಂದನ್ನು ಬಿಟ್ಟರೆ ಎಲೆಯ ದಪ್ಪ ಒಂದೇ ಜೀವಕೋಶದಷ್ಟು. ಮಳೆ ನಿಂತ ಮೇಲೆ ಎಲೆಯ ಅಂಚುಗಳು ಒಳಕ್ಕೆ ಸುರುಳಿಯಾಗುತ್ತ ಹೋಗಿ, ಕೊನೆಗೆ ಗಿಡವೆಲ್ಲ ಕಂದು ಮುಳ್ಳಿನ ಹಾಗೆ ಮುದುಡುತ್ತದೆ. ಸತ್ತಂತೆ ಕಾಣುತ್ತದೆ, ಸತ್ತಿರುವುದಿಲ್ಲ. ಚಿತ್ರದುರ್ಗದ ಕಡೆಯ ಗುಡ್ಡಗಳಲ್ಲಿ ಅದು ಹಾಗೆ ಮುದುಡಿಕೊಂಡೇ ತಿಂಗಳುಗಟ್ಟಲೆ ಕಳೆಯುತ್ತದೆ. ಒಂದು ಹನಿ ನೀರು ತಾಗಿಸಿದರೆ ಕಣ್ಣೆದುರೇ ಎಲೆಗಳು ಬಿಚ್ಚಿ ಹಸಿರು ನಕ್ಷತ್ರಗಳಾಗುತ್ತವೆ.

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗ ಈ ನಾಲ್ಕು ಕಡೆಯ ಕಾಡು, ಕಲ್ಲು, ಗೋಡೆಗಳಲ್ಲಿ ಈ ಒಂದೇ ಜಾತಿ ಹೇಗೆಲ್ಲ ಬದುಕಿದೆ ಎಂದು ಬರೆದಿಡುವುದು ಮೇಡಂ ಅವರ ಕೆಲಸ. ಅವರದು ಒಂದೇ ನಿಯಮ: ಚಿಟಿಕೆಯಷ್ಟು ಪಾಚಿಯನ್ನು ಅಂಗೈಗೆ ತೆಗೆದುಕೊಂಡು ಮೂರು ಹನಿ ಬಿಡಬೇಕು, ಬಂಡೆಯ ಮೇಲಿರುವುದಕ್ಕೆ ನೀರು ಹಾಕಲೇಬಾರದು. ಕಾರಣವನ್ನೂ ಹೇಳಿದ್ದರು. ನೀರು ತಾಗಿದ ಕೂಡಲೇ ಪಾಚಿ ಮೊದಲು ಕೂಡಿಟ್ಟ ಆಹಾರವನ್ನು ಸುಟ್ಟು, ಒಣಗಿದಾಗ ಕೆಟ್ಟಿದ್ದನ್ನು ರಿಪೇರಿ ಮಾಡಿಕೊಳ್ಳುತ್ತದೆ. ಆಹಾರ ಮಾಡಿಕೊಳ್ಳಲು ಶುರುಮಾಡುವುದು ಆಮೇಲೆ. ನಡುವೆಯೇ ಬಿಸಿಲಿಗೆ ಮತ್ತೆ ಒಣಗಿಬಿಟ್ಟರೆ ಅಷ್ಟೂ ನಷ್ಟ. “ಸುಳ್ಳು ಮಳೆ ತೋರಿಸಿ ಎಬ್ಬಿಸಬಾರದು ಅದನ್ನ,” ಎನ್ನುತ್ತಿದ್ದರು. ಆ ನಿಯಮ ಪಾಚಿಯ ಕ್ಷೇಮಕ್ಕೆ ಎಂದುಕೊಂಡಿದ್ದೆ. ಮನುಷ್ಯರ ಕ್ಷೇಮಕ್ಕೂ ಎಂದು ನನಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ರುದ್ರಪ್ಪನವರು ಅಂಗಡಿ ತೆರೆಯಲು ಕಾರಿನಲ್ಲಿ ಚಿತ್ರದುರ್ಗಕ್ಕೆ ಮರಳಿದರು. ಮೇಡಂ ಮತ್ತು ನಾನು ಹೊಳಲ್ಕೆರೆಯಿಂದ ಹೊರಕೆರೆದೇವರಪುರದ ಬಸ್ಸು ಹಿಡಿದೆವು. ಹೆಂಗಸರಿಗೆ ಟಿಕೆಟ್ಟಿಲ್ಲವಾದರೂ ಆಧಾರ್ ತೋರಿಸಬೇಕು. ಕಂಡಕ್ಟರು ಮೇಡಂ ಕೈಯಲ್ಲಿದ್ದ ಪೊಟ್ಟಣದ ಕಟ್ಟು ನೋಡಿ, “ಏನ್ ಮೇಡಂ, ಕಡ್ಲೆಕಾಯಿ ವ್ಯಾಪಾರನಾ?” ಎಂದ. ಅಲ್ಲಿಂದ ಆಟೊದವನು ಇನ್ನೂರು ರೂಪಾಯಿಗೆ ಗುಡ್ಡದ ಬುಡಕ್ಕೆ ಬಿಟ್ಟ. ಒಂಬತ್ತೂವರೆಗೆ ಹತ್ತಲು ಶುರುಮಾಡಿದೆವು. ದಿಂಡಿಗದ ಮರಗಳು ಎಲೆ ಉದುರಿಸಿ ನಿಂತಿದ್ದವು. ಅರವತ್ತು ದಾಟಿದ ಮೇಡಂ ನನಗಿಂತ ಮುಂದೆ ನಡೆದರು. ಕಲ್ಲಿನಿಂದ ಕಲ್ಲಿಗೆ ಕಾಲಿಡುವಾಗ ಕೆಳಗೆ ನೋಡುತ್ತಲೂ ಇರಲಿಲ್ಲ. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ.

ಬಸರಿ ಮರದ ಹತ್ತಿರ ಅವರು ಮೇಲಿನ ಬೇರುಗಳನ್ನು ಮಸೂರ ಹಿಡಿದು ನೋಡತೊಡಗಿದರು. ನಾನು ಕೆಳಗಿನ ಬಂಡೆಗೆ ಇಳಿದೆ. ಅಲ್ಲಿ ಒಂದು ಮಂಚದಷ್ಟು ಅಗಲಕ್ಕೆ ಹಯೋಫಿಲಾ ಹಾಸಿಕೊಂಡಿತ್ತು, ಒಣಗಿ ಕಪ್ಪಿಟ್ಟು. ಅಷ್ಟೂ ಒಮ್ಮೆಗೇ ಹಸಿರಾದರೆ ಹೇಗಿರಬಹುದು ಎನ್ನಿಸಿತು. ಶಾಲೆಯ ಮಕ್ಕಳಿಗೆ ತೋರಿಸಬಹುದು ಎಂದೂ ಅನ್ನಿಸಿತು, ಆದರೆ ಅದು ನೆಪ. ಫೋನನ್ನು ಕಲ್ಲಿಗೆ ಒರಗಿಸಿ, ವಿಡಿಯೊ ಹಚ್ಚಿ, ನೀರು ಸುರಿದೆ.

ಆ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಮೊದಲ ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಅಂಚಿನಿಂದ ಒಂದು ಅಲುಗಾಟ, ಇರುವೆ ಹರಿದಂತೆ. ಎರಡನೇ ನಿಮಿಷಕ್ಕೆ ಬಂಡೆಯ ಬಣ್ಣವೇ ಬೇರೆ. ಮೂರನೆಯದರಲ್ಲಿ ಅಡಗಿದ್ದ ಒಂದು ಸಣ್ಣ ಹುಳ ಹೊರಬಂದು ನಡೆಯುತ್ತದೆ. ಕೊನೆಗೆ ಮೇಲಿನಿಂದ ಮೇಡಂ ದನಿ: “ನಳಿನಾ, ಎಲ್ಲಿದೀಯ?” ನಾನು ಉತ್ತರ ಕೊಡುವುದಿಲ್ಲ. ಬೈಯುತ್ತಾರೆಂದು ಸುಮ್ಮನಿದ್ದೇನೆ. ನಾಲ್ಕು ಸೆಕೆಂಡು. ಐದನೆಯ ಸೆಕೆಂಡಿಗೆ ಮೇಲಿನ ಮೂಲೆಯಿಂದ ಒಂದು ಪಾದ ಬರುತ್ತದೆ, ಪಾಚಿಯ ಮೇಲೆ ಊರುತ್ತದೆ, ಹಸಿರಿನ ಒಂದು ಪಟ್ಟಿಯನ್ನು ಕಿತ್ತುಕೊಂಡು ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ಕೂಗೂ ಇಲ್ಲ. ಚೀಲ ಕಲ್ಲಿಗೆ ಬಡಿದ ಸದ್ದು, ಆಮೇಲೆ ನಾನು.

ಎರಡಾಳು ಆಳದ ಸಂದಿ. ಮೇಡಂ ಅರ್ಧದಲ್ಲಿ ಸಿಕ್ಕಿಕೊಂಡಿದ್ದರು. ಬಲಗಾಲು ಮೊಣಕಾಲಿನ ಕೆಳಗೆ ಇರಬಾರದ ದಿಕ್ಕಿಗೆ ತಿರುಗಿತ್ತು. ಅವರ ಚೀಲ ಇನ್ನೂ ಕೆಳಗೆ, ಕತ್ತಲಿಗೆ ಜಾರಿ ಹೋಗಿತ್ತು. ಅವರ ನೀರು ಅದರಲ್ಲೇ ಇತ್ತು.

“ನೀರು ಕೊಡೇ,” ಎಂದರು. ಅದೇ ಅವರ ಮೊದಲ ಮಾತು.

“ಬಾಟಲಿ ಬಿದ್ದೋಯ್ತು ಮೇಡಂ,” ಎಂದೆ. ಅದು ಮೊದಲ ಸುಳ್ಳು. ಖಾಲಿ ಬಾಟಲಿ ನನ್ನ ಕೈಯಲ್ಲೇ ಇತ್ತು. ಅವರು ಇದ್ದ ಕಡೆಯಿಂದ ಕಾಣುತ್ತಿರಲಿಲ್ಲ.

ಫೋನಿಗೆ ಸಿಗ್ನಲ್ ಇರಲಿಲ್ಲ. ಅವರನ್ನು ಬಿಟ್ಟು ಓಡಬೇಕೋ, ಅಲ್ಲೇ ಕೂರಬೇಕೋ ತಿಳಿಯದೆ ಒಮ್ಮೆ ಹತ್ತಿ, ಒಮ್ಮೆ ಇಳಿದು, ಅಲ್ಲಿಯೇ ಸುತ್ತಿದೆ. ಆಗ ಗುಡ್ಡದ ಆ ಕಡೆಯಿಂದ ಕುರಿಗಳ ಗಂಟೆ ಕೇಳಿಸಿತು. ಕೂಗಿಕೊಂಡು ಓಡಿದೆ. ತಿಪ್ಪೇಶಪ್ಪ ಮತ್ತು ಅವನ ಹೆಂಡತಿ ಹನುಮಕ್ಕ, ಕುರಿ ಕಾಯುವವರು, ಹಿಂಡನ್ನು ಅಲ್ಲೇ ಬಿಟ್ಟು ಬಂದರು. ತಿಪ್ಪೇಶಪ್ಪ ಸಂದಿಗೆ ಬಗ್ಗಿ ನೋಡಿ, “ಏನ್ರವ್ವ, ಕರಡಿ ಮಲಗೋ ಜಾಗದಾಗೆ ಬಂದು ಕುಂತೀರಲ್ಲ,” ಎಂದ.

“ಕರಡಿ ಐತೇನಪ್ಪ ಕೆಳಗೆ?” ಎಂದರು ಮೇಡಂ, ನೋವಿನಲ್ಲೂ.

“ಇದ್ದಿದ್ರೆ ಇಷ್ಟೊತ್ತಿಗೆ ಮಾತಾಡ್ಸಿರೋದು ಬಿಡ್ರಿ. ಕೈ ಕೊಡ್ರಿ. ಬ್ಯಾಡ, ಕೈ ಬ್ಯಾಡ, ಕಂಬ್ಳಿ ಬಿಡ್ತೀನಿ, ಕಂಕ್ಳಾಗೆ ಸುತ್ಕಳ್ರಿ.”

ಅವನು ಹೆಗಲ ಕಂಬಳಿಯನ್ನು ಹುರಿ ಮಾಡಿ ಇಳಿಬಿಟ್ಟು, ತಾನೂ ಅರ್ಧ ಇಳಿದು, ಭುಜ ಕೊಟ್ಟು ಎತ್ತಿದ. ಮೇಲಿನಿಂದ ಹನುಮಕ್ಕ ಮತ್ತು ನಾನು ಎಳೆದೆವು. ಮೇಡಂ ಆ ಹೊತ್ತಿನಲ್ಲಿ ಕೂಗಿದ ಕೂಗು ವಿಡಿಯೊದಲ್ಲಿಲ್ಲ, ಕಿವಿಯಲ್ಲಿದೆ. ಆಮೇಲೆ ಅದೇ ಕಂಬಳಿಯ ನಾಲ್ಕು ಮೂಲೆ ಕಟ್ಟಿ ಜೋಲಿ ಮಾಡಿ, ನಡುವೆ ಕೋಲು ತೂರಿಸಿ, ಇಬ್ಬರೂ ಹೊತ್ತು ಇಳಿದರು. ಹೊರಡುವ ಮುಂಚೆ ಹನುಮಕ್ಕ ಒಂದು ಕ್ಷಣ ಬಂಡೆಯತ್ತ ತಿರುಗಿ ನೋಡಿದಳು. ಆಮೇಲೆ ನನ್ನ ಕೈಯ ಬಾಟಲಿ ನೋಡಿದಳು. ಕೋಲಿಗೆ ಹೆಗಲು ಕೊಟ್ಟಳು.

ರಸ್ತೆ ಸೇರಿ, ಆಂಬುಲೆನ್ಸ್ ಬರುವಾಗ ಒಂದೂವರೆ. ಹೊಳಲ್ಕೆರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿ ಚಿತ್ರದುರ್ಗಕ್ಕೆ ಕಳಿಸಿದರು. ದಾರಿಯಲ್ಲಿ ಮೇಡಂ ಚಾವಣಿ ನೋಡುತ್ತ ಮಲಗಿದ್ದರು. “ಒಣ ಬಂಡೆ ಕಣೇ,” ಎಂದರು. “ಒಣ ಬಂಡೆ ಮೇಲೆ ಹೆಂಗೆ ಜಾರಿದೆ ನಾನು? ತಲೆ ಸುತ್ತಿರಬೇಕು.”

ಹೇಳಬೇಕಾದ ಹೊತ್ತು ಅದೇ ಆಗಿತ್ತು. “ಹೂಂ ಮೇಡಂ,” ಎಂದೆ.

ಮಂಗಳವಾರವೆಲ್ಲ ಆಸ್ಪತ್ರೆ. ಮೂಳೆ ಡಾಕ್ಟರು ಬುಧವಾರವೇ ಆಪರೇಷನ್ ಎಂದಿದ್ದರು. ಬಿದ್ದದ್ದು ಹೇಗೆ ಎಂದು ಕೇಳಿದಾಗ ಮೇಡಂ ತಲೆ ಸುತ್ತಿತು ಎಂದರು. ಅಲ್ಲಿಗೆ ಎಲ್ಲ ನಿಂತಿತು. ಯಾಕೆ ಸುತ್ತಿತು ಎಂದು ಗೊತ್ತಾಗುವವರೆಗೆ ಅರಿವಳಿಕೆ ಕೊಡಲಾಗದಂತೆ. ತಲೆಯ ಸ್ಕ್ಯಾನು, ಹೃದಯದ ಪರೀಕ್ಷೆ, ಕಿವಿಯ ಪರೀಕ್ಷೆ. ಒಂದರಲ್ಲೂ ಏನೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಇನ್ನೊಂದು ಪರೀಕ್ಷೆ. ಮುರಿದ ಕಾಲು ಊದುತ್ತಲೇ ಇತ್ತು.

“ಸಾಕಲ್ವೇನೆ ಇನ್ನು?” ಎಂದರು ರುದ್ರಪ್ಪನವರು. ಗೇಲಿ ಮಾಡುವ ದನಿ ಅವರಲ್ಲಿ ಉಳಿದಿರಲಿಲ್ಲ. “ಇವತ್ತು ಸಂದಿ. ನಾಳೆ ಎಲ್ಲಿ ಬೀಳ್ತೀಯೋ.”

ಮೇಡಂ ಜಗಳವಾಡುತ್ತಾರೆ ಎಂದು ಕಾದೆ. ಅವರು ಗೋಡೆಯ ಕಡೆ ತಿರುಗಿ, “ಹೂಂ ರಿ. ಸಾಕು. ನನ್ನ ಕಾಲನ್ನೇ ನಾನು ನಂಬಂಗಿಲ್ಲ ಅಂದ್ಮೇಲೆ ಗುಡ್ಡ ಯಾಕೆ?” ಎಂದರು. ಆಮೇಲೆ ನನಗೆ, “ಹೊಸದುರ್ಗ, ಹಿರಿಯೂರು ನೀನೇ ಮುಗಿಸಿಬಿಡು. ಪೊಟ್ಟಣ ಉಳಿದಿವೆ. ಇದೊಂದು ಮುಗಿದ್ರೆ ನಾನು ಕೈ ತೊಳ್ಕಂತೀನಿ.”

ನಾನು ಸಂತೋಷದಿಂದಲೇ ಒಪ್ಪಿದೆ. ಆ ಹಾಸಿಗೆಯ ಪಕ್ಕ ಕೂರುವುದಕ್ಕಿಂತ ಯಾವ ಊರಾದರೂ ಸರಿಯಿತ್ತು.

ಬುಧವಾರ ಆರೂವರೆಯ ಬಸ್ಸಿಗೇ ಹೊರಟೆ. ಮೊದಲು ಗುಡ್ಡಕ್ಕೆ. ಸಂದಿಗೆ ಬಿದ್ದ ಮೇಡಂ ಚೀಲದಲ್ಲಿ ಅವರ ಮಸೂರ ಮತ್ತು ಟಿಪ್ಪಣಿ ಪುಸ್ತಕ ಇದ್ದವು. ಹತ್ತುವಾಗ ಪ್ರತಿ ಕಲ್ಲಿಗೂ ಕೈಯೂರಿ, ಕೂತು, ತೆವಳಿದೆ. ಬಂಡೆಯ ಮೇಲೆ ಪಾಚಿ ಮತ್ತೆ ಮುದುಡಿ ಕಪ್ಪಾಗಿತ್ತು. ಮೇಡಂ ಪಾದ ಕಿತ್ತ ಪಟ್ಟಿಯಲ್ಲಿ ಮಾತ್ರ ಬೋಳು ಕಲ್ಲು. ನೀರಿನ ಗುರುತು ಎಲ್ಲಿಯೂ ಇರಲಿಲ್ಲ. ಅದು ನನಗೆ ಸಮಾಧಾನ ತಂದಿತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಹನುಮಕ್ಕ ಬಸರಿಯ ಆಚೆ ಕುರಿಗಳಿಗೆ ಸೊಪ್ಪು ಎಳೆಯುತ್ತಿದ್ದಳು, ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ದೋಟಿಯಲ್ಲಿ.

“ಅಮ್ಮಾರು ಹೆಂಗವ್ರೆ?”

“ಆಪರೇಷನ್ ಆಗ್ಬೇಕು. ತಲೆ ಸುತ್ತು ಬಂದು ಬಿದ್ರು ಅಂತ ಪರೀಕ್ಷೆ ಮಾಡ್ತಾ ಇದಾರೆ.”

“ತಲೆ ಸುತ್ತು,” ಎಂದಳು ಅವಳು. ಸಂದಿಯ ಬಾಯಿಗೆ ಮಂಡಿಯೂರಿ, ದೋಟಿಯನ್ನು ಒಳಗೆ ಬಿಟ್ಟು, ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಚೀಲದ ಪಟ್ಟಿಯನ್ನು ಸಿಕ್ಕಿಸಿ ಮೇಲೆಳೆದಳು. ದೂಳು ಕೊಡವಿ ನನ್ನ ಕೈಗಿಟ್ಟಳು.

“ಅವತ್ತು ಈ ಬಂಡೆ ಹಸ್ರಾಗಿತ್ತಲ್ಲಕ್ಕ. ಸುತ್ತಾ ಇರೋ ಬಂಡೆಗುಳೆಲ್ಲ ಕರ್ರಗೆ, ಇದೊಂದು ಹಸ್ರು. ಮಳೆ ಬಿದ್ದು ಎಷ್ಟು ತಿಂಗ್ಳಾತು?”

ನಾನು ಚೀಲದ ದೂಳನ್ನು ಮತ್ತೆ ಕೊಡವಿದೆ.

“ಕುರಿ ಉಚ್ಚೆ ಹುಯ್ದ್ರೂ ಇಷ್ಟಗಲ ಹಸ್ರಾಗಲ್ಲ ಬಿಡ್ರಿ,” ಎಂದು ನಕ್ಕಳು. ಆ ನಗು ನನ್ನನ್ನು ಚುಚ್ಚಲಿಕ್ಕಲ್ಲ, ಆದರೂ ಚುಚ್ಚಿತು. “ನಾವು ಮೊದ್ಲ ಮಳೆ ಬಿದ್ದ ದಿನ ಈ ಕಡೀಗೆ ಕುರಿ ಹೊಡಿಯಲ್ಲ. ಪಾಚಿ ಎದ್ದಿರ್ತೈತೆ. ಆಡಾದ್ರೆ ಹೆಂಗೋ ನಿಲ್ತೈತೆ, ಕುರಿ ನಿಲ್ಲಲ್ಲ. ಒಂದ್ಸಲ ಜಾರಿ ಬಿದ್ದ ಕುರಿ, ಕಾಲು ಕೂಡ್ಕಂಡ್ರೂ ಮತ್ತೆ ಕಲ್ಲು ಹತ್ತಲ್ಲ. ಹಿಂದಿಂದ ಎಷ್ಟು ತಳ್ಳಿದ್ರೂ ನಿಂತೇ ಬಿಡ್ತೈತೆ. ಕಲ್ಲು ಜಾರ್ತು ಅಂತ ಅದಕ್ಕೇನು ಗೊತ್ತು, ತನ್ನ ಕಾಲೇ ಸರಿಯಿಲ್ಲ ಅನ್ಕಂಡಿರ್ತೈತೆ.”

“ನೀವು ಯಾಕೆ ಅವತ್ತೇ ಹೇಳ್ಲಿಲ್ಲ?”

“ನಾನ್ಯಾಕೆ ಹೇಳ್ಲಿ? ಹುಯ್ದೋರು ನೀವು.” ಅವಳು ದೋಟಿ ಹೆಗಲಿಗೇರಿಸಿದಳು. “ಹೋಗಾಣ ನಡೀರಿ, ಬಿಸ್ಲೇರ್ತೈತೆ. ರಸ್ತೆ ತನಕ ಬರ್ತೀನಿ. ನೀವು ನಡಿಯೋದು ನೋಡಿದ್ರೆ ನೀವೂ ಬೀಳಂಗೆ ಕಾಣ್ತೀರಿ.”

ಮಧ್ಯಾಹ್ನದ ಬಸ್ಸಿನಲ್ಲಿ ಹೊಸದುರ್ಗ ಮುಟ್ಟಿದೆ. ದಾರಿಯುದ್ದಕ್ಕೂ ತೆಂಗಿನ ತೋಟಗಳು ಬಂದು ಹೋದವು. ಒಂದನ್ನೂ ನೋಡಿದ ನೆನಪಿಲ್ಲ. ಊರ ಹೊರಗಿನ ಹಳೆಯ ಕಲ್ಯಾಣಿಯ ಗಾರೆ ಗೋಡೆಯಲ್ಲಿ ಹಯೋಫಿಲಾ ಸಿಕ್ಕಿತು. ಚಿಟಿಕೆ ತೆಗೆದು ಪೊಟ್ಟಣಕ್ಕೆ ಹಾಕಿದೆ. ಅಂಗೈಯಲ್ಲಿಟ್ಟು ಮೂರು ಹನಿ ಬಿಟ್ಟು ನೋಡಬೇಕಾದ್ದು ನಿಯಮ. ಹನಿಯ ಶೀಶೆ ತೆರೆದೆ, ಮುಚ್ಚಿದೆ, ತೆರೆದೆ. ಕೊನೆಗೆ ಬಿಟ್ಟೆ. ಎಲೆಗಳ ಕಂಕುಳಲ್ಲಿ ಮುಳ್ಳುಮುಳ್ಳಾದ ಪುಟ್ಟ ಉಂಡೆಗಳು ಮಸೂರದಲ್ಲಿ ಕಂಡವು. ಈ ಜಾತಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ಕಣ ಹೆಣ್ಣಿನವರೆಗೆ ಈಜಿ ಹೋಗಲು ನಡುವೆ ಕಡಿಯದ ನೀರಿನ ಪೊರೆ ಬೇಕು. ಒಣನಾಡಿನಲ್ಲಿ ಅದು ಎಲ್ಲಿ ಸಿಗಬೇಕು? ಹಾಗಾಗಿ ಗಿಡ ಈ ಉಂಡೆಗಳನ್ನು ಕಟ್ಟಿಕೊಳ್ಳುತ್ತದೆ. ಮಳೆಹನಿ ಬಡಿದಾಗ ಸಿಡಿದು ಬಿದ್ದಲ್ಲಿ ಅವೇ ಹೊಸ ಗಿಡಗಳಾಗುತ್ತವೆ. ಒಂದೊಂದು ಬಂಡೆಯ ಪಾಚಿಯೆಲ್ಲ ಒಂದೇ ಗಿಡದ ಮರಿಗಳಿರಬಹುದು ಎಂದು ಮೇಡಂ ಹೇಳುತ್ತಿದ್ದರು. ಇದನ್ನೆಲ್ಲ ಅವರ ಪುಸ್ತಕದಲ್ಲಿ ಅವರ ಬರಹದ ಕೆಳಗೆ ಬರೆದೆ. ನನ್ನ ಅಕ್ಷರ ಸೊಟ್ಟಗಿತ್ತು.

ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತೆಗೆದುಕೊಂಡು, ಎರಡು ತುತ್ತಿಗಿಂತ ಹೆಚ್ಚು ತಿನ್ನಲಾಗದೆ ಇಟ್ಟೆ. ಲಾಡ್ಜಿನಲ್ಲಿ ಮಲಗಿದರೆ ಕಣ್ಣು ಮುಚ್ಚಿದ ತಕ್ಷಣ ಆ ಪಾದ. ಪ್ರತಿ ಸಲವೂ ಈ ಬಾರಿ ಉತ್ತರ ಕೊಡುತ್ತೇನೆ ಎಂದುಕೊಳ್ಳುತ್ತೇನೆ, ಕೊಡುವುದಿಲ್ಲ. ಎದ್ದು ಕೂತು ವಿಡಿಯೊ ಅಳಿಸಲು ಬೆರಳಿಟ್ಟೆ. ‘ಅಳಿಸಬೇಕೆ?’ ಎಂದು ಫೋನು ಕೇಳಿತು. ಬೇಡ ಎಂದೆ. ಒಳ್ಳೆಯತನದಿಂದಲ್ಲ, ಹನುಮಕ್ಕನಿಗೆ ಗೊತ್ತು ಎಂಬ ಒಂದೇ ಕಾರಣಕ್ಕೆ.

ಗುರುವಾರ ಹೊಸದುರ್ಗದಿಂದ ಹಿರಿಯೂರಿಗೆ ಬಸ್ಸು. ಕಿಟಕಿಯ ಪಕ್ಕ ಕೂತು, ಎದ್ದು, ಮುಂದಿನ ಸೀಟಿಗೆ ಹೋಗಿ, ಮತ್ತೆ ಹಿಂದಕ್ಕೆ ಬಂದೆ. ಪಕ್ಕದ ಅಜ್ಜಿ, “ಬಸುರೀನೇನವ್ವ? ವಾಂತಿ ಬರಂಗೈತೇನು?” ಎಂದು ಒಂದು ನಿಂಬೆಹಣ್ಣು ಕೊಟ್ಟರು. ಮೂಸಿ ನೋಡುತ್ತ ಹಿರಿಯೂರಿಗೆ ಮುಂಚಿನ ಮಾರಿಕಣಿವೆಯವರೆಗೆ ಹೋದೆ.

ಅಣೆಕಟ್ಟಿನ ಕೆಳಗೆ, ನಾಲೆಯ ಬದಿಯ ಮರಗಳ ನೆರಳಲ್ಲಿ, ಜಿನುಗು ನೀರಿನ ಕಲ್ಲುಕಟ್ಟೆ. ಅಲ್ಲಿ ನಮ್ಮ ಪಾಚಿಯನ್ನು ಮೊದಲ ನೋಟಕ್ಕೆ ಗುರುತು ಹಿಡಿಯಲಿಲ್ಲ. ಎಲೆ ಬಿಚ್ಚಿಕೊಂಡೇ ಇತ್ತು, ಎಳೆ ಹಸಿರು, ದಪ್ಪ ಹಾಸು. ಅದರ ಮೇಲೆ ಕಂದು ಕಡ್ಡಿಗಳ ತುದಿಗೆ ನೆಟ್ಟಗೆ ನಿಂತ ಬೀಜಕದ ಕಾಯಿಗಳು, ಒಂದೊಂದೂ ಸಾಸಿವೆಗಿಂತ ಸಣ್ಣ. ನೀರು ಕಡಿಯದ ಕಡೆ ಮಾತ್ರ ಹೀಗಾಗುತ್ತದೆ. ಹಾಸಿನಲ್ಲಿ ತಂಗಿದ ಮಣ್ಣಿನಲ್ಲಿ ಹುಲ್ಲು ಮೊಳೆತಿತ್ತು, ಹುಲ್ಲಿನ ಬುಡದಲ್ಲಿ ಬಸವನಹುಳು. ಗುಡ್ಡದ ಬಂಡೆಯದೂ ಇದೇ ಜಾತಿ. ಅಲ್ಲಿ ವರ್ಷದ ಹೆಚ್ಚಿನ ಪಾಲು ಮುದುಡಿ ಕಾಯುತ್ತದೆ, ನಿಜವಾದ ಮಳೆಗೆ. ನಾನು ಅದನ್ನು ಎಬ್ಬಿಸಿದ್ದು ಒಂದೆರಡು ಗಂಟೆಗೆ. ಅದರ ನಷ್ಟ ಎಷ್ಟೋ. ಅಳೆಯುವ ಉಪಕರಣ ನನ್ನಲ್ಲಿಲ್ಲ. ಮೇಡಂ ಅವರ ನಷ್ಟ ಮಾತ್ರ ಆಸ್ಪತ್ರೆಯ ಹಾಸಿಗೆಯ ಮೇಲೆ ಊದುತ್ತಿತ್ತು. ಅವರು ಗೋಡೆಯ ಕಡೆ ತಿರುಗಿದ್ದನ್ನು ನೆನೆದು, ಆರು ಪೊಟ್ಟಣ ತುಂಬಬೇಕಾದಲ್ಲಿ ಎರಡು ತುಂಬಿ, ಸಿಕ್ಕ ಬಸ್ಸು ಹತ್ತಿದೆ.

ಚಿತ್ರದುರ್ಗದಲ್ಲಿ ಇಳಿದಾಗ ಸಂಜೆ ನಾಲ್ಕೂವರೆ. ಚಂದ್ರವಳ್ಳಿಯ ಕಲ್ಲುಗಳಲ್ಲೂ ಮಾದರಿ ತೆಗೆಯುವುದು ಬಾಕಿಯಿತ್ತು. ಆಟೊದವನಿಗೆ ಚಂದ್ರವಳ್ಳಿ ಎಂದು ಹೇಳಿ ಕೂತೂ ಬಿಟ್ಟೆ. ಅರ್ಧ ದಾರಿಯಲ್ಲಿ, “ಬೇಡಪ್ಪ, ಆಸ್ಪತ್ರೆಗೆ ತಿರುಗಿಸು,” ಎಂದೆ.

“ಹುಷಾರಿಲ್ವ ಮೇಡಂ?”

“ಹೂಂ.”

ಮೇಡಂ ದಿಂಬಿಗೊರಗಿ ಕೂತಿದ್ದರು. ಪಕ್ಕದಲ್ಲಿ ರುದ್ರಪ್ಪನವರು ಕಿತ್ತಳೆ ಸುಲಿಯುತ್ತಿದ್ದರು. ನರಗಳ ಡಾಕ್ಟರು ಮರುದಿನ ಬರುತ್ತಾರಂತೆ, ಅವರು ನೋಡಿ ಹೇಳುವವರೆಗೆ ಆಪರೇಷನ್ ಇಲ್ಲವಂತೆ. ಪೊಟ್ಟಣಗಳಿದ್ದ ಮೇಡಂ ಚೀಲವನ್ನು ಹಾಸಿಗೆಯ ಪಕ್ಕ ಕೆಳಗಿಟ್ಟೆ. ಮಾತು ಹೇಗೆ ಶುರುಮಾಡಬೇಕೆಂದು ಬಸ್ಸಿನಲ್ಲಿ ಕಲಿತದ್ದೆಲ್ಲ ಮರೆತುಹೋಗಿತ್ತು. ಫೋನಿನಲ್ಲಿ ವಿಡಿಯೊ ಹಚ್ಚಿ ಅವರ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ನೀರಿನ ಸದ್ದು ಬಂತು. “ನಳಿನಾ, ಎಲ್ಲಿದೀಯ?” ಬಂತು. ನಾಲ್ಕು ಸೆಕೆಂಡು ಬಂತು. ಚೀಲ ಕಲ್ಲಿಗೆ ಬಡಿದ ಸದ್ದಿಗೆ ರುದ್ರಪ್ಪನವರು ಕಿತ್ತಳೆಯಿಂದ ತಲೆ ಎತ್ತಿದರು.

“ಇನ್ನೊಂದ್ಸಲ ಹಾಕು,” ಎಂದರು ಮೇಡಂ.

ಮತ್ತೆ ಹಾಕಿದೆ. ಈ ಸಲ ಅವರು ಪಾದ ಬರುವ ಜಾಗವನ್ನೇ ನೋಡುತ್ತಿದ್ದರು.

“ನಾನು ಕರೆದಾಗ ಯಾಕೆ ಮಾತಾಡ್ಲಿಲ್ಲ?”

“ಬೈತೀರಿ ಅಂತ.”

“ಬೈತಿದ್ದೆ,” ಎಂದರು. “ಬೈತಿದ್ದೆ, ಆಮೇಲೆ ಇಬ್ರೂ ಇಳಿದು ಮನೆಗೆ ಬರ್ತಿದ್ವಿ.” ಅವರ ದನಿ ಏರಿತು. “ಮೂರು ದಿನ. ಮೂರು ದಿನದಿಂದ ನನ್ನ ತಲೇನೆ ನಾನು ಅನುಮಾನಿಸ್ಕಂಡು ಬಿದ್ದಿದೀನಿ. ನಮ್ಮವ್ವ ಕೊನೇಗಾಲದಲ್ಲಿ ಹಿಂಗೇ ಬೀಳ್ತಿದ್ಲು, ನಂಗೂ ಶುರುವಾತು ಅಂತ ಅನ್ಕಂಡು ಅತ್ತಿದೀನಿ, ಇವ್ರು ಮನೆಗೆ ಹೋದ್ಮೇಲೆ. ನೀನು ಊರೂರು ಸುತ್ತಿ ಪಾಚಿ ಕೀಳ್ತಿದ್ದೆ. ಹೋಗು ನೀನು.”

“ಮೇಡಂ...”

“ಹೋಗು ಅಂದೆ. ಏನ್ರಿ, ಆ ಡಾಕ್ಟ್ರನ್ನ ಕರೀರಿ. ತಲೆ ಸುತ್ತಿಲ್ಲ ನಂದು. ಜಾರಿದ್ದು. ಒದ್ದೆ ಪಾಚಿ ಮೇಲೆ ಕಾಲಿಟ್ಟು ಜಾರಿದ್ದು. ಫೋನ್ ಇಲ್ಲೇ ಇರ್ಲಿ, ಅವ್ರಿಗೆ ತೋರಿಸ್ತೀನಿ.”

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತೆ. ಡಾಕ್ಟರು ಒಳಗೆ ಹೋದದ್ದು, ಬಂದದ್ದು ಕಂಡಿತು. ಆಮೇಲೆ ರುದ್ರಪ್ಪನವರು ಫೋನು ತಂದುಕೊಟ್ಟರು. ಅವರ ಕಣ್ಣು ಕೆಂಪಗಿತ್ತು.

“ನಾಳೆ ಬ್ಯಾಡ, ನಾಡಿದ್ದು ಬ್ಯಾಡ, ಈಗ್ಲೇ ಮಾಡ್ರಿ ಅಂತ ಕೂಗಾಡ್ತವ್ಳೆ. ನಾಳೆ ಬೆಳಿಗ್ಗೆ ಮಾಡ್ತಾರಂತೆ.” ಬೆಂಚಿನ ತುದಿಗೆ ಕೂತರು. “ಲೇ ನಳಿನಾ, ನಾನೂ ನಿನ್ನ ಬೈಬೇಕು. ಆದ್ರೆ ಅವ್ಳು ಕೂಗಾಡಿ ನಾಕು ದಿನ ಆಗಿತ್ತು ಕಣಮ್ಮ. ಊರಿಗೆ ಹೋಗು. ಇಲ್ಲಿರಬ್ಯಾಡ ಸದ್ಯಕ್ಕೆ.”

ಶುಕ್ರವಾರ ಬೆಳಿಗ್ಗೆ ಆಪರೇಷನ್ ಆಯಿತು. ನಾನು ಬಸ್‌ಸ್ಟ್ಯಾಂಡಿನಲ್ಲಿ ಕೂತು ರುದ್ರಪ್ಪನವರ ಸಂದೇಶ ಬಂದ ಮೇಲೆ ತುಮಕೂರಿನ ಬಸ್ಸು ಹತ್ತಿದೆ. ಹೆದ್ದಾರಿಯ ಎಡಬಲಕ್ಕೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಹಿಂತಿರುಗಿ ನೋಡಿದರೆ ಕೋಟೆಯ ಬೆಟ್ಟದ ಬಂಡೆಗಳೆಲ್ಲ ಬಿಸಿಲಲ್ಲಿ ಒಣಗಿ ಹೊಳೆಯುತ್ತಿದ್ದವು. ಅವುಗಳ ನೆರಳಿನ ಬದಿಯಲ್ಲಿ ಏನು ಮುದುಡಿ ಮಲಗಿದೆ ಎಂಬುದು ಬಸ್ಸಿನಿಂದ ಕಾಣುವುದಿಲ್ಲ.

ಹೇಳಿಬಿಟ್ಟರೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ, ಅದೇ ಪಾದ, ಅದೇ ಮೌನ. ಮೇಡಂಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಶಾಲೆಯಲ್ಲಿ ಪಾಠ ನಿಲ್ಲಿಸಿ ಕಿಟಕಿಯ ಆಚೆ ನೋಡುತ್ತ ನಿಂತಿದ್ದೇನೆಂದು ಮಕ್ಕಳು ಹೇಳಿದ ಮೇಲೆ ಗೊತ್ತಾಗುತ್ತಿತ್ತು.

ಬುಧವಾರ ಸಂಜೆ ರುದ್ರಪ್ಪನವರ ಫೋನು ಬಂತು.

“ಏನಮ್ಮ, ಊಟ ಮಾಡ್ತಿದೀಯ ಇಲ್ಲ? ಕೇಳಿಲ್ಲಿ. ನಿಮ್ಮ ಮೇಡಂಗೆ ಶೂ ಬೇಕಂತೆ. ಗುಡ್ಡ ಹತ್ತೋ ಶೂ. ದುರ್ಗದಾಗೆ ಸಿಗಲ್ಲ, ದಾವಣಗೆರೆಗೆ ಹೋಗಿ ತಗಂಬರ್ಬೇಕಂತೆ. ಒಂದು ಕಾಲು ಪೂರಾ ಕಟ್ಟಾಕವ್ರೆ, ಅಳತೆ ಹೆಂಗೆ ಕೊಡೋದೆ ಅಂದೆ. ಇನ್ನೊಂದು ಕಾಲಿಲ್ವೇನ್ರಿ ಅಂದ್ಲು.”

ನಾನು ನಕ್ಕೆನೋ ಅತ್ತೆನೋ. “ಮೇಡಂ ಹತ್ರ ಒಂದು ನಿಮಿಷ ಕೊಡ್ತೀರಾ?”

ಫೋನಿನ ಆಚೆ ಏನೋ ಗುಸುಗುಸು. “ಮಾತಾಡಲ್ವಂತೆ,” ಎಂದರು. “ಇನ್ನೂ ಸಿಟ್ಟೈತೆ. ಹಿರಿಯೂರಿನ ಪೊಟ್ಟಣದ ಮೇಲೆ ನೆರಳೋ ಬಿಸಿಲೋ ಅಂತ ಬರ್ದಿಲ್ವಂತೆ ನೀನು, ಅದನ್ನ ಬರ್ದು ಕಳಿಸ್ಬೇಕಂತೆ.”

“ನೆರಳು ಅನ್ನಿ.”

“ನೆರಳಂತೆ ಕಣೇ,” ಎಂದು ಅವರು ಒಳಕ್ಕೆ ಕೂಗಿ ಹೇಳಿದ್ದು ಕೇಳಿಸಿತು.

ಆ ಬುಧವಾರ ಒಂಬತ್ತೂವರೆಗೆ ಮಲಗಿದವಳು ಎದ್ದದ್ದು ಗುರುವಾರ ಬೆಳಿಗ್ಗೆ ಎಂಟು ಹತ್ತಕ್ಕೆ. ಶಾಲೆಗೆ ತಡವಾಯಿತು.